ದಾರಿ ಹೇಳಿಕೊಡಿ

ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಒಂದು ಮನೆ. ಹೊತ್ತು ಮುಳುಗುವ ಸಮಯ. ಅಂಗಳದಲ್ಲಿ ಅಪ್ಪ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಸುಲಿಯುತ್ತಿದ್ದರು. ಜಗಲಿಯ ಮೇಲೆ ಮಗ ನೋಟ್ ಪುಸ್ತಕ ಹಿಡಿದು ಅತ್ತಿಂದಿತ್ತ ಓಡಾಡುತ್ತ ಒಂದೇ ಮಾತನ್ನು ಹತ್ತು ಸಲ, ಇಪ್ಪತ್ತು ಸಲ ಹೇಳುತ್ತಿದ್ದ: 'ಮಿಚಿ ಗಾ ಕೊಂದೆ ಇಮಾಸ್. ಮಿಚಿ ಗಾ ಕೊಂದೆ ಇಮಾಸ್.'

ಒಳಗೆ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ಗಾಬರಿಯಿಂದ ಹೊಸ್ತಿಲಿಗೆ ಬಂದರು. 'ಯಾರನ್ನ ಕೊಂದ್ಯೋ ಮಗಾ?'

ಯಾರನ್ನೂ ಕೊಂದಿರಲಿಲ್ಲ. 'ದಾರಿ ಕಿಕ್ಕಿರಿದಿದೆ' ಎಂಬುದನ್ನು ಜಪಾನಿ ಭಾಷೆಯಲ್ಲಿ ಹೇಳಿದರೆ ಕನ್ನಡದ ಕಿವಿಗೆ ಹಾಗೆ ಕೇಳುತ್ತದೆ, ಅಷ್ಟೆ. ಮಿಚಿ ಎಂದರೆ ದಾರಿ. ಅಜ್ಜಿಗೆ ಸಮಾಧಾನವಾಯಿತು. ಆದರೆ ಇನ್ನೊಂದು ಅನುಮಾನ ಉಳಿಯಿತು. ಸಂಪಿಗೆಯಲ್ಲಿ ದಾರಿ ಕಿಕ್ಕಿರಿಯುವುದು ಶ್ರೀನಿವಾಸ ದೇವರ ಜಾತ್ರೆಯ ದಿನ ಮಾತ್ರ. ಅದನ್ನು ಹೇಳಲು ಜಪಾನಿನವರ ಮಾತು ಯಾಕೆ ಬೇಕು?

ಹುಡುಗನಿಗೆ ಆಗ ಇಪ್ಪತ್ತೆರಡು ವರ್ಷ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಒಂದೆರಡು ಕಡೆ ಅಪ್ರೆಂಟಿಸ್ ಆಗಿ ದುಡಿದು ಮನೆಗೆ ಬಂದಿದ್ದ. ಕರ್ನಾಟಕದ ಕಾರ್ಖಾನೆಗಳಿಗೆ ಜಪಾನಿ ಮಾತು ಹೊಸದೇನಲ್ಲ. ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ವಾಹನ ತಯಾರಿಕೆ ಶುರುವಾದದ್ದು 1999ರ ಡಿಸೆಂಬರಿನಲ್ಲಿ. 2007ರಲ್ಲಿ ಅಲ್ಲಿಯೇ ಹಳ್ಳಿಗಾಡಿನ ಹುಡುಗರಿಗಾಗಿ ತಾಂತ್ರಿಕ ತರಬೇತಿ ಶಾಲೆ ತೆರೆಯಿತು. 2013ರಲ್ಲಿ ಕೋಲಾರ ಜಿಲ್ಲೆಯ ನರಸಾಪುರಕ್ಕೆ ಹೋಂಡಾ ಬಂತು. 'ಕೈಜನ್' ಎಂಬ ಪದ ಐಟಿಐ ಹುಡುಗರ ಬಾಯಲ್ಲಿ ಇಡ್ಲಿ ಚಟ್ನಿಯಷ್ಟು ಸಲೀಸಾಗಿ ಹೊರಳುತ್ತದೆ. ಇದಾದ ಮೇಲೆ 2021ರ ಜನವರಿಯಲ್ಲಿ ಭಾರತವೂ ಜಪಾನೂ ಒಂದು ಒಪ್ಪಂದ ಮಾಡಿಕೊಂಡವು. ನಿರ್ದಿಷ್ಟ ಕೌಶಲವಿರುವ ಕೆಲಸಗಾರರು ಅಲ್ಲಿಗೆ ಹೋಗಿ ದುಡಿಯಬಹುದು. ಕೌಶಲದ ಪರೀಕ್ಷೆಯ ಜತೆಗೆ ಭಾಷೆಯ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು. ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ ಐದು ಹಂತಗಳಿವೆ. ಕೆಳಗಿನಿಂದ ಎರಡನೆಯದು ಎನ್-4. ಹುಡುಗನ ಕಣ್ಣು ಅದರ ಮೇಲಿತ್ತು.

ಅದಕ್ಕೆ ಬೇಕಾದ ದುಡ್ಡು ಅಟ್ಟದಿಂದ ಇಳಿಯಬೇಕಿತ್ತು. ಅಟ್ಟ ಎಂದರೆ ಕೊಬ್ಬರಿ ಅಟ್ಟ. ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಆಗಬೇಕಾದರೆ ಬಲಿತ ಕಾಯಿ ಸಿಪ್ಪೆ ಸಮೇತ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂರಬೇಕು; ಒಳಗಿನ ನೀರು ಹಿಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಬೆಳೆದವನಿಗೆ ಇಷ್ಟು ತಾಳ್ಮೆ ಬೇಡುವ ಬೆಳೆ ಇನ್ನೊಂದು ಇದೆಯೋ ಇಲ್ಲವೋ. 2022ರ ಮೊದಲ ತಿಂಗಳುಗಳಲ್ಲಿ ಕೊಬ್ಬರಿಗೆ ಬೆಲೆ ಚೆನ್ನಾಗಿತ್ತು. ಅಪ್ಪ ಒಂದು ಅಟ್ಟ ಇಳಿಸಿ, ತಿಪಟೂರಿಗೆ ಹಾಕಿ, ಕ್ಲಾಸಿನ ಫೀಸು ಕೊಟ್ಟರು. ಕೊಡುವಾಗ ಏನೂ ಹೇಳಲಿಲ್ಲ. ಅಮ್ಮ ಮಾತ್ರ ಶನಿವಾರ ಶ್ರೀನಿವಾಸನಿಗೆ ತುಪ್ಪದ ದೀಪ ಹಚ್ಚತೊಡಗಿದರು. ಮಗ ಹೋಗಲಿ ಎಂದೋ, ಹೋಗದಿರಲಿ ಎಂದೋ, ಯಾರೂ ಕೇಳಲಿಲ್ಲ.

ಕ್ಲಾಸು ಪ್ರತಿ ಭಾನುವಾರ, ಬೆಂಗಳೂರಿನ ಮಲ್ಲೇಶ್ವರದಲ್ಲಿ. ಕಲಿಸುವವರು ಕೆಲವು ವರ್ಷ ಜಪಾನಿನಲ್ಲಿದ್ದು ಬಂದ ಒಬ್ಬ ಮಹಿಳೆ. ಅವರನ್ನು ಎಲ್ಲರೂ 'ಸೆನ್ಸೇ' ಎನ್ನುತ್ತಿದ್ದರು. ಮೇಷ್ಟ್ರಿಗೂ ಮೇಡಂಗೂ ಅಲ್ಲಿ ಅದೊಂದೇ ಪದ.

ಮೊದಲ ತಿಂಗಳುಗಳು ಹುಡುಗನಿಗೆ ಹಬ್ಬದಂತೆ ಕಳೆದವು. ಎಂಟನೇ ತರಗತಿಯಲ್ಲಿದ್ದ ತಂಗಿ ಪಕ್ಕದಲ್ಲಿ ಕೂತು ಅಣ್ಣನ ಪುಸ್ತಕ ಇಣುಕಿ ನೋಡುತ್ತಿದ್ದಳು. ಜಪಾನಿ ಅಕ್ಷರಗಳನ್ನು ಓದುವ ಕ್ರಮ ಅ, ಇ, ಉ, ಎ, ಒ. ಅದಾದ ಮೇಲೆ ಕ, ಕಿ, ಕು, ಕೆ, ಕೊ. 'ಅಣ್ಣಾ, ಇದು ಕಾಗುಣಿತ ಅಲ್ವಾ?' ಎಂದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಬೌದ್ಧಧರ್ಮದ ಜತೆ ಚೀನದ ಮೂಲಕ ಜಪಾನ್ ಮುಟ್ಟಿದ ಸಂಸ್ಕೃತ ವರ್ಣಮಾಲೆಯ ಅಭ್ಯಾಸವೇ ಆ ಕ್ರಮಕ್ಕೆ ಮೂಲ. ಭಿಕ್ಷುಗಳು ಸಾವಿರ ವರ್ಷಕ್ಕೂ ಹಿಂದೆ ಒಯ್ದ ಗಂಟು ಭಾನುವಾರದ ರೈಲಿನಲ್ಲಿ ಸಂಪಿಗೆಗೆ ವಾಪಸು ಬಂದಿತ್ತು.

ವಾಕ್ಯಗಳೂ ಹಾಗೆಯೇ. 'ಸಂಪಿಗೆ ಕಾರಾ ತುಮಕೂರು ಮಾದೆ ಬಸು ದೆ ಇಚಿಜಿಕಾನ್ ಹಾನ್ ಕಕರಿಮಾಸ್.' ಕಾರಾ ಎಂದರೆ ಇಂದ, ಮಾದೆ ಎಂದರೆ ವರೆಗೆ. ಸಂಪಿಗೆಯಿಂದ ತುಮಕೂರಿನವರೆಗೆ ಬಸ್ಸಿನಲ್ಲಿ ಒಂದೂವರೆ ಗಂಟೆ ಹಿಡಿಯುತ್ತದೆ. ಒಂದು ಪದವನ್ನೂ ಹಿಂದೆ ಮುಂದೆ ಮಾಡಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಹತ್ತು ವರ್ಷ ಕ್ರಿಯಾಪದವನ್ನು ವಾಕ್ಯದ ನಡುವೆ ತುರುಕಿ ತುರುಕಿ ಸುಸ್ತಾಗಿದ್ದವನಿಗೆ ಇದು ಸ್ವಂತ ತೋಟದಲ್ಲಿ ನಡೆದಾಡಿದ ಹಾಗಿತ್ತು. ಜಪಾನಿಗೂ ತಮಿಳಿಗೂ ರಕ್ತಸಂಬಂಧವಿದೆ ಎಂದು ಸುಸುಮು ಓನೊ ಎಂಬ ಜಪಾನಿ ವಿದ್ವಾಂಸರು ಬಹಳ ವರ್ಷ ವಾದಿಸಿದರು. ಹೆಚ್ಚಿನ ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪಿಲ್ಲ. ಬಾವಲಿಗೂ ಹಕ್ಕಿಗೂ ರೆಕ್ಕೆ ಇದೆ ಎಂದ ಮಾತ್ರಕ್ಕೆ ಅವು ಅಣ್ಣತಮ್ಮಂದಿರಲ್ಲ. ಆದರೆ ಹಾರುವುದನ್ನು ಕಲಿಯುವವನಿಗೆ ರೆಕ್ಕೆ ಸಿಕ್ಕರೆ ಸಾಕು, ವಂಶವೃಕ್ಷ ಯಾಕೆ?

ಹುಡುಗನಿಗೆ ಎಲ್ಲಕ್ಕಿಂತ ಹಿಡಿಸಿದ್ದು ದಾರಿ ಕೇಳುವ ವಾಕ್ಯ. 'ಮಿಚಿ ಒ ಒಶಿಯೆತೆ ಕುದಸಾಯ್.' ಒಶಿಯೆರು ಎಂದರೆ ಕಲಿಸು. ಕುದಸಾಯ್ ಎಂದರೆ ಕೊಡಿ. ದಾರಿ ಹೇಳಿಕೊಡಿ! ಮೇಷ್ಟ್ರು ಪಾಠ ಹೇಳಿಕೊಡುವುದಕ್ಕೂ ದಾರಿಹೋಕನಿಗೆ ದಾರಿ ಹೇಳಿಕೊಡುವುದಕ್ಕೂ ಕನ್ನಡದಲ್ಲಿ ಒಂದೇ ಮಾತು, ಅಲ್ಲಿಯೂ ಒಂದೇ ಮಾತು. ಈ ವಾಕ್ಯವನ್ನು ಅವನು ಜಗಲಿಯಲ್ಲಿ, ಬಚ್ಚಲಲ್ಲಿ, ತೋಟದಲ್ಲಿ ಹೇಳಿ ಹೇಳಿ ನಾಲಿಗೆಗೆ ಅಂಟಿಸಿಕೊಂಡ. ನಿಲ್ದಾಣ ಎಲ್ಲಿದೆ? ಎಷ್ಟು ಹೊತ್ತು ಹಿಡಿಯುತ್ತದೆ? ಎಲ್ಲಿ ಬದಲಾಯಿಸಬೇಕು? ಹೀಗೆ ಕೇಳುವ ಪ್ರಶ್ನೆಗಳೇ ಇಪ್ಪತ್ತು ಮೂವತ್ತು ಅವನ ನೋಟ್ ಪುಸ್ತಕದಲ್ಲಿದ್ದವು. ಕೆಂಪು ಶಾಯಿಯಲ್ಲಿ ಅಡಿಗೆರೆ ಬೇರೆ.

ಒಂದು ಭಾನುವಾರ ಸೆನ್ಸೇ ಮನೆಗೆಲಸ ಕೊಟ್ಟರು. ನಿಮ್ಮ ಮನೆಯಿಂದ ಈ ಕ್ಲಾಸಿಗೆ ಬರುವ ದಾರಿಯನ್ನು ಜಪಾನಿಯಲ್ಲಿ ಹೇಳಬೇಕು. ನಗರದ ಮಕ್ಕಳಿಗೆ ಅದು ನೀರು ಕುಡಿದಷ್ಟು ಸುಲಭ. ನೇರ ಹೋಗಿ, ಎರಡನೇ ಸಿಗ್ನಲ್‌ನಲ್ಲಿ ಎಡಕ್ಕೆ ತಿರುಗಿ, ಸೇತುವೆ ದಾಟಿ. ಈ ಹುಡುಗ ಬರೆಯಲು ಕೂತರೆ ಮೊದಲ ಸಾಲಿಗೇ ಪೆನ್ನು ನಿಂತಿತು. ಅವನ ದಾರಿಯಲ್ಲಿ ಸಿಗ್ನಲ್ ಇಲ್ಲ. ರಸ್ತೆಗೆ ಹೆಸರಿಲ್ಲ. ಅದಲ್ಲದೆ ಒಂದು ವಿಚಿತ್ರ. ಅವನು ರೈಲು ಹತ್ತುವ ನಿಲ್ದಾಣದ ಹೆಸರು ಸಂಪಿಗೆ ರೋಡ್. ನಿಟ್ಟೂರಿಗೂ ಅಮ್ಮಸಂದ್ರಕ್ಕೂ ನಡುವೆ ಇರುವುದು. ಯಶವಂತಪುರದಲ್ಲಿ ಇಳಿದು ಮೆಟ್ರೊ ಹತ್ತಿ ಮಲ್ಲೇಶ್ವರದಲ್ಲಿ ಇಳಿಯುವ ನಿಲ್ದಾಣದ ಹೆಸರೂ ಸಂಪಿಗೆ ರಸ್ತೆ. ಸಂಪಿಗೆ ರೋಡಿನಿಂದ ಹೊರಟು ನೂರು ಕಿಲೋಮೀಟರಿನಷ್ಟು ಬಂದು ಸಂಪಿಗೆ ರೋಡಿನಲ್ಲೇ ಇಳಿದರೆ? 'ಅಣ್ಣಾ, ನಿನ್ನ ಸ್ಥಾನಪಲ್ಲಟ ಸೊನ್ನೆ' ಎಂದು ತಂಗಿ ನಕ್ಕಳು. ಮುಂದಿನ ತರಗತಿಯ ವಿಜ್ಞಾನದ ಪುಸ್ತಕವನ್ನು ಅವಳು ಆಗಲೇ ಓದಿದ್ದಳು.

ಕೊನೆಗೆ ಅವನು ಅಪ್ಪನನ್ನು ಕೇಳಿದ. 'ಅಪ್ಪಾ, ಹೊಸಬ ಯಾರಾದ್ರೂ ಬಂದು ಸ್ಟೇಷನ್ನಿಗೆ ದಾರಿ ಕೇಳಿದ್ರೆ ಏನು ಹೇಳ್ತೀಯ?'

ಅಪ್ಪ ಸುಲಿಯುವುದನ್ನು ನಿಲ್ಲಿಸಲಿಲ್ಲ. 'ಮನೆ ಬಿಟ್ಟು ಮೂಡಲಾಗೆ ಬಂದ್ರೆ ಕೆರೆ ಏರಿ. ಏರಿ ಮ್ಯಾಲೆ ಹೋದ್ರೆ ತೂಬು ದಾಟಿದ ಮೇಲೆ ದೊಡ್ಡ ಹುಣಸೆ ಮರ ಸಿಕ್ತೈತೆ. ಅಲ್ಲಿಂದ ಬಡಗಲಾಗೆ ಮುಖ ಮಾಡಿ, ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡು ನಡೀಬೇಕು. ಅದು ಅಗಿದು ಮುಗಿಯೋ ಹೊತ್ತಿಗೆ ಮುಖ್ಯರಸ್ತೆ.'

ಹುಡುಗನಿಗೆ ನಾಚಿಕೆಯಾಯಿತು. ಮೂಡಲು, ಬಡಗಲು, ಹುಣಸೆ ಮರ, ಎಲೆ ಅಡಿಕೆ. ಇದನ್ನು ಬೆಂಗಳೂರಿನ ಕ್ಲಾಸಿನಲ್ಲಿ ಹೇಳಿದರೆ ನಗುವುದಿಲ್ಲವೇ? ಬೇರೆ ದಾರಿ ಕಾಣದೆ ಅದನ್ನೇ ಜಪಾನಿಗೆ ತ೦ದು, ತಲೆ ತಗ್ಗಿಸಿಕೊಂಡು ಓದಿದ. ಸೆನ್ಸೇ ನಗಲಿಲ್ಲ. 'ಜಪಾನಿನವರು ದಾರಿ ಹೇಳುವುದು ಹೀಗೆಯೇ' ಎಂದರು.

ಆಮೇಲೆ ಅವರು ವಿವರಿಸಿದ್ದು ಇಡೀ ಕ್ಲಾಸಿಗೆ ಹೊಸದು. ಜಪಾನಿನಲ್ಲಿ ಬಹುಪಾಲು ಬೀದಿಗಳಿಗೆ ಹೆಸರೇ ಇಲ್ಲ. ವಿಳಾಸವೆಂದರೆ ಊರಿನೊಳಗೆ ಬಡಾವಣೆ, ಬಡಾವಣೆಯೊಳಗೆ ಕಟ್ಟಡಗಳ ಗುಂಪು, ಗುಂಪಿನೊಳಗೆ ಸಂಖ್ಯೆ. ಬೀದಿಗಳು ಆ ಗುಂಪುಗಳ ನಡುವೆ ಉಳಿದ ಖಾಲಿ ಜಾಗ, ಅಷ್ಟೆ. ಆದ್ದರಿಂದ ಅಲ್ಲಿನವರು ಅಂಗಡಿ, ಅಂಚೆ ಕಚೇರಿ, ಸೇತುವೆ ಎಂದು ಗುರುತು ಹೇಳುತ್ತಾರೆ, ಕಾಗದದ ಮೇಲೆ ನಕ್ಷೆ ಬರೆದು ಕೊಡುತ್ತಾರೆ. ಮೂಲೆ ಮೂಲೆಯಲ್ಲಿ 'ಕೋಬಾನ್' ಎಂಬ ಪುಟ್ಟ ಪೊಲೀಸ್ ಚೌಕಿಗಳಿವೆ. ಅಲ್ಲಿನವರಿಗೆ ದಾರಿ ಹೇಳಿಕೊಡುವುದು ದಿನನಿತ್ಯದ ಕೆಲಸ. ದಿಕ್ಕುಗಳೂ ಅಷ್ಟೆ. ದೊಡ್ಡ ರೈಲು ನಿಲ್ದಾಣಗಳ ದ್ವಾರಗಳಿಗೆ ಹಿಗಾಶಿಗುಚಿ, ನಿಶಿಗುಚಿ ಎಂಬ ಹೆಸರುಗಳಿರುತ್ತವೆ. ಮೂಡಲ ಬಾಯಿ, ಪಡುವಲ ಬಾಯಿ ಎಂದು ಅರ್ಥ. ಕುಚಿ ಎಂದರೆ ಬಾಯಿ. ಸಮಾಸದಲ್ಲಿ ಕ ಹೋಗಿ ಗ ಬಂತು. ಮಳೆ, ಕಾಲ ಸೇರಿ ಮಳೆಗಾಲ ಆದ ಹಾಗೆ. ಆದೇಶ ಸಂಧಿಯನ್ನು ಹೈಸ್ಕೂಲಿನಲ್ಲಿ ಶಾಪ ಹಾಕುತ್ತ ಕಲಿತ ಹುಡುಗ ಅದನ್ನು ಟೋಕಿಯೊ ನಿಲ್ದಾಣದ ಬಾಗಿಲಲ್ಲಿ ಕಂಡು ಬೆರಗಾದ.

ಎಲೆ ಅಡಿಕೆಯ ಅಳತೆಗೂ ಅಲ್ಲಿ ನಂಟರಿದ್ದರು. ಜಪಾನಿನಲ್ಲಿ ಮನೆ ಬಾಡಿಗೆಯ ಜಾಹೀರಾತಿನಲ್ಲಿ ನಿಲ್ದಾಣ ಎಷ್ಟು ದೂರ ಎಂದು ಬರೆಯುವುದು ನಿಮಿಷದಲ್ಲಿ: ನಡಿಗೆಯಲ್ಲಿ ಐದು ನಿಮಿಷ, ಎಂಟು ನಿಮಿಷ. ಅದಕ್ಕೆ ನಿಯಮವೂ ಇದೆ. 80 ಮೀಟರಿಗೆ ಒಂದು ನಿಮಿಷ. ಅಪ್ಪನ ಲೆಕ್ಕಕ್ಕೂ ಇದಕ್ಕೂ ವ್ಯತ್ಯಾಸವೆಂದರೆ ಅಡಿಕೆಯ ಗಾತ್ರವನ್ನು ಯಾರೂ ನಿಗದಿ ಮಾಡಿಲ್ಲ.

ಆ ರಾತ್ರಿ ಊಟದ ಹೊತ್ತಿನಲ್ಲಿ ಹುಡುಗ ಇದನ್ನೆಲ್ಲ ಹೇಳಿದಾಗ ಅಪ್ಪ, 'ಮತ್ತಿನ್ನೆಂಗೆ ಹೇಳ್ತಾರೆ ದಾರಿಯಾ?' ಎಂದು ಮುದ್ದೆ ಮುರಿದರು.

ವಾಹನ ಸಂಚಾರದ ಪಾಠ ಬಂದದ್ದು ದಸರೆಯ ನಂತರ. ಶಿಂಗೋ ಎಂದರೆ ಸಿಗ್ನಲ್, ಕೋಸಾತೆನ್ ಎಂದರೆ ನಾಲ್ಕು ರಸ್ತೆ ಕೂಡುವ ಜಾಗ, ಜೂತಾಯ್ ಎಂದರೆ ಟ್ರಾಫಿಕ್ ಜಾಮ್. ಹತ್ತಿರದ ದಾರಿ ಚಿಕಾಮಿಚಿ. 'ಚಿಕ್ಕ ದಾರಿ ಅಂತ ನೆನಪಿಟ್ಕೊ' ಎಂದಳು ತಂಗಿ. ಸುತ್ತುದಾರಿ ಮವಾರಿಮಿಚಿ. ವಾಹನಗಳು ಅಲ್ಲಿಯೂ ಎಡಗಡೆಯೇ ಓಡುವುದರಿಂದ ಆ ತಲೆನೋವಿಲ್ಲ. ಆದರೆ ಹಸಿರು ದೀಪಕ್ಕೆ ಮಾತ್ರ ಅವರು 'ಅಒ ಶಿಂಗೋ', ಅಂದರೆ ನೀಲಿ ಸಿಗ್ನಲ್ ಎನ್ನುತ್ತಾರೆ. ಹಳೆಯ ಜಪಾನಿಯಲ್ಲಿ ಅಒ ಎಂಬ ಒಂದೇ ಪದ ನೀಲಿಗೂ ಹಸಿರಿಗೂ ಸಲ್ಲುತ್ತಿತ್ತು. ದೀಪ ಬಂದ ಮೇಲೆಯೂ ಹೆಸರು ಉಳಿಯಿತು. ಹೆಸರು ಬದಲಾಯಿಸುವ ಬದಲು 1973ರಲ್ಲಿ ಸರ್ಕಾರ ದೀಪದ ಬಣ್ಣವನ್ನೇ ಆದಷ್ಟು ನೀಲಿಯತ್ತ ವಾಲುವ ಹಸಿರು ಮಾಡಿತು. ಕೆಂಪು ಹಸಿರುಗಳ ನಡುವೆ ಭೇದ ಕಾಣದ ವರ್ಣಾಂಧರಿಗೆ ಇಂಥ ನೀಲಿ ಬೆರೆತ ಹಸಿರನ್ನು ಗುರುತಿಸುವುದು ಸುಲಭ ಎಂಬುದು ಇದರ ಇನ್ನೊಂದು ಲಾಭ. ವಿಚಿತ್ರ ಎನಿಸಿದರೆ ಈ ಸೀಮೆಯ ಕೊಟ್ಟಿಗೆಗಳನ್ನೇ ನೋಡಿ. ಕಂದು ಬಣ್ಣದ ಹಸುವನ್ನು ಎಲ್ಲರೂ ಕೆಂಪು ಹಸು ಎಂದೇ ಕರೆಯುತ್ತಾರೆ.

ಅದೇ ಪಾಠದಲ್ಲಿ 'ಚಿಯೆನ್ ಶೋಮೇಶೊ' ಎಂಬ ಪದವೂ ಬಂತು. ರೈಲು ತಡವಾದರೆ ಜಪಾನಿನ ರೈಲ್ವೆ ಕಂಪನಿಗಳು ಪ್ರಯಾಣಿಕರಿಗೆ ಒಂದು ಚೀಟಿ ಕೊಡುತ್ತವೆ. ತಡವಾದದ್ದು ನಮ್ಮಿಂದ, ಇವರದೇನೂ ತಪ್ಪಿಲ್ಲ ಎಂಬ ಪ್ರಮಾಣಪತ್ರ. ಅದನ್ನು ಕಚೇರಿಗೋ ಶಾಲೆಗೋ ತೋರಿಸಬಹುದು. ಕ್ಲಾಸಿನಲ್ಲಿ ಎಲ್ಲರೂ ನಕ್ಕರು. ಈ ಹುಡುಗನೂ ನಕ್ಕ.

ಪರೀಕ್ಷೆ ನಡೆಯುವುದು ಜುಲೈ ಮತ್ತು ಡಿಸೆಂಬರ್ ತಿಂಗಳ ಮೊದಲ ಭಾನುವಾರ. ಅವನು ಕಟ್ಟಿದ್ದು 2022ರ ಡಿಸೆಂಬರಿಗೆ. ಹದಿನೈದು ದಿನ ಮುಂಚೆ ಒಂದು ಭಾನುವಾರ ರೈಲು ಒಂದು ಗಂಟೆ ತಡವಾಗಿತ್ತು. ಅದನ್ನು ನೆನಪಿಟ್ಟುಕೊಂಡು ಅಪ್ಪ ಹಿಂದಿನ ರಾತ್ರಿ ಹೇಳಿದರು: 'ರೈಲು ನಂಬಬ್ಯಾಡ ಮಗಾ. ಎಲ್ಲಾದ್ರೂ ನಿಂತ್ರೆ ಇಳಿದು ಓಡಕ್ಕಾಗಲ್ಲ. ನಿಟ್ಟೂರಿಗೆ ಬಿಡ್ತೀನಿ, ಬಸ್ಸಿಗೆ ಹೋಗು. ತುಮಕೂರು ರಸ್ತೆ ನನಗೆ ಗೊತ್ತು, ಸೇತುವೆ ಮ್ಯಾಲೆ ಹತ್ತಿದ್ರೆ ಸೀದಾ ಯಶವಂತಪುರ.'

ಅಪ್ಪನಿಗೆ ಗೊತ್ತಿದ್ದದ್ದು ಹಳೆಯ ದಾರಿ. ಪೀಣ್ಯದ ಆ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡು 2021ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿದ್ದರು. 2022ರ ಫೆಬ್ರುವರಿಯಲ್ಲಿ ಮತ್ತೆ ತೆರೆದದ್ದು ಹಗುರ ವಾಹನಗಳಿಗೆ ಮಾತ್ರ. ಬಸ್ಸು, ಲಾರಿಗಳು ಮತ್ತೆ ಮೇಲೆ ಹತ್ತಿದ್ದು 2024ರ ಜುಲೈ ಕೊನೆಗೆ. ಅಲ್ಲಿಯವರೆಗೆ ಅವೆಲ್ಲ ಕೆಳಗಿನ ರಸ್ತೆಯಲ್ಲೇ ನುಗ್ಗಾಡಬೇಕಿತ್ತು.

ನೆಲಮಂಗಲ ದಾಟಿದ ಮೇಲೆ ಬಸ್ಸು ನಿಂತಿತು. ಹತ್ತು ಗಜ ಹೋಯಿತು, ಮತ್ತೆ ನಿಂತಿತು. ಲಗ್ನದ ದಿನಗಳು ಬೇರೆ. ಬಾಸಿಂಗದಂಥ ಹೂವಿನ ಅಲಂಕಾರದ ಕಾರುಗಳು, ಕಬ್ಬಿಣದ ಸರಳು ಹೇರಿದ ಲಾರಿಗಳು, ಎಳನೀರಿನ ಟೆಂಪೊಗಳು. ಹುಡುಗ ಕಿಟಕಿಯಿಂದ ನೋಡಿದರೆ ಪಾಠದ ಪುಟವೇ ಹೊರಗೆ ನಿಂತಿತ್ತು. ಜೂತಾಯ್. ಮಿಚಿ ಗಾ ಕೊಂದೆ ಇಮಾಸ್. ಈ ಪದಗಳಲ್ಲಿ ಒಂದನ್ನೂ ಅವನು ಇನ್ನು ಜನ್ಮದಲ್ಲಿ ಮರೆಯಲಾರ. ಅಂಗೈ ಬೆವರುತ್ತಿತ್ತು. ಪಕ್ಕದಲ್ಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಒಬ್ಬ ನಡುವಯಸ್ಸಿನವರು ತೂಕಡಿಸುತ್ತಿದ್ದರು. ನಲವತ್ತು ನಿಮಿಷವಾದ ಮೇಲೆ ಅವರು ಕಣ್ಣು ಬಿಟ್ಟು, ಹುಡುಗನ ಮುಖ ನೋಡಿ, 'ಏನಪ್ಪಾ, ಅರ್ಜೆಂಟಾ?' ಎಂದರು. ವಿಷಯ ಕೇಳಿ ಹಣೆ ಚಚ್ಚಿಕೊಂಡರು. 'ಅಲ್ಲಯ್ಯಾ, ಇಲ್ಲಿಂದ ಮುಂದೆ ನಾಗಸಂದ್ರದಲ್ಲಿ ಮೆಟ್ರೊ ಸಿಗುತ್ತೆ. ಆಗಲೇ ಇಳಿದು ನಡೆದಿದ್ರೂ ಇಷ್ಟು ಹೊತ್ತಿಗೆ ಮಲ್ಲೇಶ್ವರದಲ್ಲಿ ಇರ್ತಿದ್ದೆ. ದಿನಾ ನಾನು ಮಾಡೋದೇ ಅದು. ಒಂದು ಮಾತು ಕೇಳಬಾರದಾ?'

ದಾರಿ ಕೇಳುವ ಮೂವತ್ತು ವಾಕ್ಯಗಳು ಅವನ ಬಾಯಲ್ಲಿದ್ದವು. ಪಕ್ಕದಲ್ಲಿ ಕೂತವರನ್ನು ಕನ್ನಡದಲ್ಲಿ ಒಂದು ಮಾತು ಕೇಳಲು ತೋಚಿರಲಿಲ್ಲ.

ಇಳಿದು ಓಡಿದ. ಮೆಟ್ರೊ ಹತ್ತಿದ. ಪರೀಕ್ಷಾ ಕೇಂದ್ರದ ಗೇಟು ಮುಟ್ಟಿದಾಗ ಅದು ಮುಚ್ಚಿ ಕಾಲು ಗಂಟೆಯಾಗಿತ್ತು. 'ಜೂತಾಯ್ ದೆ ಒಕುರೆಮಾಶಿತಾ' (ಜಾಮಿನಿಂದ ತಡವಾಯಿತು) ಎಂಬ ವಾಕ್ಯವನ್ನು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಬಂದಿದ್ದ. ಗೇಟಿನಲ್ಲಿದ್ದದ್ದು ರಾಯಚೂರು ಕಡೆಯ ಒಬ್ಬ ಕಾವಲುಗಾರ. 'ಶುರು ಆಗೇದ ತಮ್ಮಾ, ಒಳಗ ಬಿಡಂಗಿಲ್ಲ' ಎಂದು ಅವನು ಬಹಳ ಮೆತ್ತಗೆ ಹೇಳಿದ. ವಾಕ್ಯ ಬಾಯಲ್ಲೇ ಉಳಿಯಿತು. ತಡವಾದದ್ದಕ್ಕೆ ಚೀಟಿ ಕೊಡುವವರು ತುಮಕೂರು ರಸ್ತೆಯಲ್ಲಿ ಯಾರೂ ಇಲ್ಲ.

ಮನೆಯಲ್ಲಿ ಯಾರೂ ಬಯ್ಯಲಿಲ್ಲ. ಅದೇ ಕಷ್ಟವಾದದ್ದು. ಕಟ್ಟಿದ ಫೀಸು ಹೋಯಿತು, ಇನ್ನು ಆರು ತಿಂಗಳ ಕ್ಲಾಸಿಗೆ ಮತ್ತೆ ದುಡ್ಡು ಬೇಕು. ಅಪ್ಪ ಮೂರು ದಿನ ತೋಟದಿಂದ ಕತ್ತಲಾದ ಮೇಲೆಯೇ ಬಂದರು. ನಾಲ್ಕನೇ ದಿನ ಅಟ್ಟದ ಏಣಿ ಹತ್ತಿ ಕಾಯಿ ಅಲ್ಲಾಡಿಸಿ ಅಲ್ಲಾಡಿಸಿ ನೋಡುತ್ತಿದ್ದ ಸದ್ದು ಕೇಳಿಸಿತು. ಆ ಅಟ್ಟ ಇನ್ನೂ ಆಗಿರಲಿಲ್ಲ.

ಜನವರಿಯಲ್ಲಿ ಹುಡುಗ ಕ್ಲಾಸಿಗೆ ವಾಪಸು ಹೋದಾಗ ಸೆನ್ಸೇ ಒಂದು ಆಟ ಆಡಿಸಿದರು. ಅವರು ನಿಲ್ದಾಣದ ಸಿಬ್ಬಂದಿ, ಇವನು ಪ್ರಯಾಣಿಕ. ಇವನು ಎದ್ದು ನಿಂತು ನೀರಿನ ಕ್ಯಾನ್ ಇಟ್ಟಿರುವ ಜಾಗಕ್ಕೆ ದಾರಿ ಕೇಳಿದ. ಒಂದು ಅಕ್ಷರ ತಪ್ಪಿಲ್ಲದ ಪ್ರಶ್ನೆ. ಸೆನ್ಸೇ ಜಪಾನಿನಲ್ಲಿ ಜನ ಮಾತಾಡುವ ವೇಗದಲ್ಲಿ ಉತ್ತರ ಹೇಳಿದರು. ಇವನು ಬಗ್ಗಿ, 'ಹಾಯ್, ವಾಕಾರಿಮಾಶಿತಾ' ಎಂದ. ಹೌದು, ತಿಳಿಯಿತು ಎಂದರ್ಥ. 'ಸರಿ, ಹೋಗಿ ಒಂದು ಲೋಟ ನೀರು ತನ್ನಿ' ಎಂದರು ಸೆನ್ಸೇ. ಅವರು ಹೇಳಿದ್ದು ಮೆಟ್ಟಿಲಿಳಿದು ಎಡಕ್ಕೆ. ಇವನು ಮೆಟ್ಟಿಲು ಹತ್ತಿ ತಾರಸಿಗೆ ಹೋಗಿ, ಒಣಹಾಕಿದ ಬಟ್ಟೆಗಳ ನಡುವೆ ಐದು ನಿಮಿಷ ನಿಂತು, ಖಾಲಿ ಕೈಯಲ್ಲಿ ಬಂದ. ಕ್ಲಾಸೆಲ್ಲ ನಕ್ಕಿತು. ಸೆನ್ಸೇ ಹೇಳಿದ್ದು ಒಂದೇ ಮಾತು: 'ಪ್ರಶ್ನೆ ನಿನಗೆ ಬಾಯಿಪಾಠ ಆಗಿದೆ. ಉತ್ತರವನ್ನು ಬಾಯಿಪಾಠ ಮಾಡಲು ಬರುವುದಿಲ್ಲ. ಅದು ಎದುರಿನವರ ಕೈಯಲ್ಲಿದೆ.'

ಪರೀಕ್ಷೆಯಲ್ಲಿ ಮಾತಾಡುವ ಭಾಗವೇ ಇಲ್ಲ. ಓದುವುದು, ವ್ಯಾಕರಣ ಮತ್ತು ಕೇಳುವುದು. ಕೇಳುವ ಭಾಗದಲ್ಲಿ ಧ್ವನಿ ಬರುವುದು ಒಂದೇ ಸಲ. ಅಂದು ರೈಲಿನಲ್ಲಿ ವಾಪಸು ಬರುವಾಗ ಹುಡುಗನಿಗೆ ಸ್ಪಷ್ಟವಾಯಿತು: ಡಿಸೆಂಬರಿನಲ್ಲಿ ಸಮಯಕ್ಕೆ ಸರಿಯಾಗಿ ಒಳಗೆ ಹೋಗಿದ್ದರೂ ಅವನು ತೇರ್ಗಡೆಯಾಗುತ್ತಿರಲಿಲ್ಲ. ರಾತ್ರಿ ಅದನ್ನು ಅಪ್ಪನಿಗೆ ಹೇಳಿದ. 'ನನ್ನ ಸಮಾಧಾನಕ್ಕೆ ಹೇಳ್ತಿದೀಯ' ಎಂದರು ಅಪ್ಪ. 'ಇಲ್ಲಪ್ಪಾ, ನಿಜ. ನನಗೆ ಕೇಳಕ್ಕೆ ಬರುತ್ತೆ, ಕೇಳಿಸ್ಕಳಕ್ಕೆ ಬರಲ್ಲ.' ಅಪ್ಪ ಬಹಳ ಹೊತ್ತು ಸುಮ್ಮನಿದ್ದರು.

ಮಾರನೆಯ ದಿನದಿಂದ ತೋಟದಲ್ಲಿ ಒಂದು ಆಟ ಶುರುವಾಯಿತು. ಅಪ್ಪ ಕುಡುಗೋಲನ್ನೋ ಬುತ್ತಿಯನ್ನೋ ಎಲ್ಲಾದರೂ ಇಟ್ಟು ಬಂದು, ಜಾಗವನ್ನು ಮಗನಿಗೆ ಹೇಳುವುದು. 'ಬಾವಿಗೆ ಪಡುವಲಾಗೆ ಏಳನೇ ಮರ, ಅಲ್ಲಿಂದ ತೆಂಕಲಾಗೆ ನಾಕು, ಸಿಡಿಲು ಹೊಡೆದಿರೋ ಮರದ ಬುಡ. ಒಂದೇ ಸಲ ಹೇಳ್ತೀನಿ.' ಮಗ ಅದನ್ನು ಜಪಾನಿಯಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತ ಹುಡುಕಬೇಕು. ತಪ್ಪಿದರೆ ಅಂದು ಬುತ್ತಿ ಇರುವೆ ಪಾಲು. ಸಂಜೆ ತಂಗಿ ಸೆನ್ಸೇ ಕಳಿಸಿದ ಧ್ವನಿಗಳನ್ನು ಮೊಬೈಲಿನಲ್ಲಿ ಒಂದೊಂದೇ ಸಲ ಹಾಕಿ, ಅಣ್ಣ ಬರೆದ ನಕ್ಷೆಗೆ ಅಂಕ ಕೊಡುತ್ತಿದ್ದಳು. ಎಂಟು ನಿಮಿಷಕ್ಕೆ ಹಪ್ಪುನ್, ಹತ್ತು ನಿಮಿಷಕ್ಕೆ ಜುಪ್ಪುನ್. ಈ ಎರಡರ ನಡುವೆ ಅವನು ತಿಂಗಳುಗಟ್ಟಲೆ ಎಡವಿದ.

2023ರ ಜುಲೈ ಪರೀಕ್ಷೆಗೆ ಅಪ್ಪ ಮಗ ಇಬ್ಬರೂ ಹಿಂದಿನ ದಿನವೇ ರೈಲಿನಲ್ಲಿ ಹೊರಟರು. ಯಶವಂತಪುರದ ನೆಂಟರ ಮನೆಯಲ್ಲಿ ಬ್ಯಾಗಿಟ್ಟು, ಸಂಜೆಯೇ ಹೋಗಿ ಪರೀಕ್ಷಾ ಕೇಂದ್ರದ ಗೇಟು ನೋಡಿ ಬಂದರು. ಹೋಗುವಾಗ ಅಪ್ಪ ಪ್ರತಿ ತಿರುವಿನಲ್ಲೂ ಯಾರನ್ನಾದರೂ ನಿಲ್ಲಿಸಿ ದಾರಿ ಕೇಳಿದರು. ಗೊತ್ತಿದ್ದರೂ ಕೇಳಿದರು. ಆಗಸ್ಟಿನಲ್ಲಿ ಫಲಿತಾಂಶ ಬಂತು. 180ಕ್ಕೆ 90 ಬೇಕು. ಹುಡುಗನಿಗೆ ಅದಕ್ಕಿಂತ ಸ್ವಲ್ಪವೇ ಹೆಚ್ಚು. ಹೆಚ್ಚು ಅಂಕ ಬಂದದ್ದು ಕೇಳುವ ಭಾಗದಲ್ಲಿ.

ಅಷ್ಟರಲ್ಲಿ ಕೊಬ್ಬರಿ ಬೆಲೆ ಮಕಾಡೆ ಬಿದ್ದಿತ್ತು. ಆ ವರ್ಷ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗಿತ್ತು. ಹುಡುಗನ ವಿಮಾನದ ಖರ್ಚಿಗೆ ಅಪ್ಪ ಯಾವ ಅಟ್ಟ ಇಳಿಸಿದರು, ಯಾರಲ್ಲಿ ಕೈಗಡ ತಂದರು ಎಂಬುದನ್ನು ಮನೆಯಲ್ಲಿ ಈಗಲೂ ಹೇಳಿಲ್ಲ.

ಕೌಶಲದ ಪರೀಕ್ಷೆ, ವೀಸಾ ಎಲ್ಲ ಮುಗಿದು 2024ರ ಬೇಸಿಗೆಯಲ್ಲಿ ಅವನು ಹೊರಟ. ನಗೋಯಾ ಹತ್ತಿರದ ಒಂದು ಸಣ್ಣ ಊರು. ತಲುಪಿದ ಎರಡನೇ ದಿನ ಫೋನು ಬಂತು. ಊಟ ಆಯ್ತಾ, ಚಳಿ ಇದೆಯಾ ಎಂದು ಅಮ್ಮ ಕೇಳಿ ಮುಗಿಸಿದ ಮೇಲೆ ಅಪ್ಪ ಫೋನು ತೆಗೆದುಕೊಂಡರು. 'ರೈಲಿಳಿದು ರೂಮಿಗೆ ಹೆಂಗೆ ಹೋಗ್ತೀಯ, ಹೇಳು.'

'ನಿಶಿಗುಚಿ, ಅಂದ್ರೆ ಪಡುವಲ ಬಾಗಿಲಲ್ಲಿ ಹೊರಕ್ಕೆ ಬರಬೇಕಪ್ಪಾ. ಎದುರಿಗೆ ಒಂದು ಅಕ್ಕಿ ಅಂಗಡಿ. ಅದನ್ನ ಬಳಸಿ ಬಡಗಲಾಗೆ ಹೋದ್ರೆ ಸಣ್ಣ ಕಾಲುವೆ, ಸೇತುವೆ...'

'ನಿಧಾನ' ಎಂದರು ಅಪ್ಪ. ಕಿವಿಗೂ ಹೆಗಲಿಗೂ ನಡುವೆ ಫೋನು ಒತ್ತಿ ಹಿಡಿದು, ಅಂಗಳದಲ್ಲಿ ಕೂತು, ಒಂದು ಕರಟವನ್ನು ನಿಲ್ದಾಣದ ಜಾಗಕ್ಕಿಟ್ಟರು. ಅಕ್ಕಿ ಅಂಗಡಿಗೆ ಒಂದು ಸಿಪ್ಪೆ. ಕಾಲುವೆಗೆ ಒಂದು ತೆಂಗಿನಕಡ್ಡಿ. 'ಸೇತುವೆ ದಾಟಿದ ಮೇಲೆ ಮೂಡಲಿಗೋ ಪಡುವಲಿಗೋ?'

'ಮೂಡಲಿಗೆ.'

'ರೂಮಿನ ಬಾಗ್ಲು?'

'ಅದೂ ಮೂಡಲಿಗೆ.'

ಅಪ್ಪ ಇನ್ನೊಂದು ಕರಟ ಇಟ್ಟು ನೋಡಿದರು. ಪಕ್ಕದಲ್ಲಿ ಕೂತಿದ್ದ ಅಜ್ಜಿಗೆ ಇಷ್ಟು ಸಾಲಲಿಲ್ಲ. ಫೋನಿನ ಹತ್ತಿರ ಬಾಯಿ ತಂದು ಕೂಗಿದರು: 'ವಾಪಸ್ ಬರೋ ದಾರಿಗೆ ಏನಂತಾರ್‍ಲಾ ಅವರು?'

'ಕಾಯೆರಿಮಿಚಿ, ಅಜ್ಜಿ.'

'ಏನು?'

ತಂಗಿ ಫೋನು ಕಸಿದುಕೊಂಡು ಅಜ್ಜಿಯ ಕಿವಿಯಲ್ಲಿ ಬಿಡಿಸಿ ಹೇಳಿದಳು. 'ಕಾಯಿ, ಏರಿ, ಮಿಚಿ ಅಂತ ನೆನಪಿಟ್ಕೊ ಅಜ್ಜಿ. ತೆಂಗಿನಕಾಯಿ, ಕೆರೆ ಏರಿ.'

'ಅದಾದ್ರೆ ನೆನಪಿರ್ತೈತೆ ಬಿಡು' ಎಂದು ಅಜ್ಜಿ ಅವರೆಕಾಯಿ ಮೊರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು. ಅಪ್ಪ ಕರಟ, ಕಡ್ಡಿಗಳನ್ನು ಅಲ್ಲಿಂದ ತೆಗೆಯಲಿಲ್ಲ. ಬೆಳಿಗ್ಗೆ ಅಂಗಳ ಗುಡಿಸಲು ಬಂದ ಅಮ್ಮ ಅಷ್ಟು ಜಾಗ ಬಿಟ್ಟು ಸುತ್ತ ಗುಡಿಸಿದರು.